ಹುಕಿ ಬೇರೆ, ದುಡುಕು ಬೇರೆ

ಅನುವಾದಕ್ಕೆ ಕೂತಾಗ ‘ಇಂಪಲ್ಸಿವ್’ (ಹಿಂದೆ-ಮುಂದೆ ನೋಡದೆ ಥಟ್ಟನೆ ಏನಾದರೂ ಮಾಡುವ ಸ್ವಭಾವದ) ಎಂಬ ಮಾತು ಎದುರಾದರೆ ನಾನು ಮೊದಲು ನಿಘಂಟು ತೆಗೆಯುವುದಿಲ್ಲ. ತೆಗೆದರೆ ಕೈಗೆ ಬರುವುದು ಆವೇಗ, ಉದ್ವೇಗ, ಆವೇಶ ಈ ಜಾತಿಯ ಮಾತು. ಹುಬ್ಬಳ್ಳಿ-ಧಾರವಾಡದ ಓದುಗರ ಮುಂದೆ ಮೂರೂ ಮುಗ್ಗರಿಸುತ್ತವೆ. ಆವೇಗ ಎಂದರೆ ಭೌತಶಾಸ್ತ್ರದ ಪಾಠ. ಉದ್ವೇಗ ಎಂದರೆ ರಿಸಲ್ಟ್ ಬರುವ ದಿನದ ತಳಮಳ. ಆವೇಶ ಎಂದ ಕೂಡಲೇ ಮೈಮೇಲೆ ದೇವರು ಬಂದವರ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಅದಕ್ಕೇ ಮೊದಲು ಕೇಳಿಕೊಳ್ಳುವುದು ಇಷ್ಟು: ಆ ಕೆಲಸವನ್ನು ಅವನು ಮಾಡಿದನೋ, ಅವನಿಗೆ ಏನೋ ಬಂದು ಮಾಡಿಸಿತೋ? ಕನ್ನಡ ಇದನ್ನು ವಿಭಕ್ತಿಯಲ್ಲೇ ಬೇರೆ ಮಾಡುತ್ತದೆ. ‘ಅಂವ ದುಡುಕಿದ’ ಅಂದರೆ ಕರ್ತೃ ಅವನೇ, ತಪ್ಪೂ ಅವನದೇ. ‘ಅಂವಗ ಹುಕಿ ಬಂತು’ ಅಂದರೆ ಹುಕಿ ಮಳೆಯ ಹಾಗೆ ತಾನಾಗಿ ಬಂತು, ಅವನು ಅದರ ಕೆಳಗೆ ನಿಂತಿದ್ದ ಅಷ್ಟೇ. ಅರ್ಧ ತಪ್ಪು ಅಲ್ಲಿಯೇ ಮಾಫಿ. ಎತ್ತು ಮಾರಿದ ಒಂದೇ ಸಂಗತಿಯನ್ನು ತಾಯಿ ‘ಏನೋ ಹುಕಿ ಬಂತವಗ, ಮಾರ್ಯಾನ’ ಅನ್ನುತ್ತಾಳೆ. ಹೆಂಡತಿ ‘ದುಡುಕಿ ಮಾರಿಬಿಟ್ಟ’ ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ವಿಶೇಷಣ ಸಾಕಾಗಬಹುದು. ನಮ್ಮಲ್ಲಿ ಯಾರ ಬಾಯಿಯ ಮಾತು ಎಂದು ಗೊತ್ತಾಗದೆ ಪದ ಆರಿಸಲು ಬರುವುದಿಲ್ಲ.

ಎರಡನೆಯದು, ಎಷ್ಟು ಹೊತ್ತು ಇರುತ್ತದೆ ಎಂಬುದು. ಹುಕಿ ಒಂದು ಗಳಿಗೆಯದು. ಲಹರಿ ಬಂದರೆ ಒಂದು ಹೊತ್ತು, ಒಂದು ದಿನ ಇರಬಹುದು. ‘ಲಹರಿ ಇದ್ದರ ಮಾತಾಡ್ತಾನ, ಇಲ್ಲಾಂದ್ರ ಮಾರಿ ಎತ್ತಿ ನೋಡೂದಿಲ್ಲ’. ಖಯಾಲಿ ತಿಂಗಳುಗಟ್ಟಲೆ ಬೆನ್ನು ಹತ್ತುತ್ತದೆ: ಪಾರಿವಾಳ ಸಾಕುವ ಖಯಾಲಿ, ಹಳೆಯ ರೇಡಿಯೋ ಕೂಡಿಸುವ ಖಯಾಲಿ. (ಇದರ ಮೂಲವಾದ ಖಯಾಲ್ ಎಂದರೆ ಕಲ್ಪನೆ, ಧಾರವಾಡದ ಗಾಯಕರು ಹಾಡುವ ಖ್ಯಾಲೂ ಅದೇ.) ಥಟ್ಟನೆ ಎದ್ದು ಊರಿಗೆ ಹೊರಟವನಿಗೆ ಖಯಾಲಿ ಅಂಟಿಸಿದರೆ ವಾಕ್ಯ ಸತ್ತಿತೆಂದೇ ಲೆಕ್ಕ.

ಸಿಟ್ಟಿನ ಕಡೆಯ ಮಾತುಗಳನ್ನು ಬೇರೆ ಪುಟದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂಗೋಪಿ ಭಗ್ ಎಂದು ಹತ್ತಿ ಬೇಗ ಆರುತ್ತಾನೆ. ಸಿಡುಕ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಸಿಡಿಯುತ್ತಾನೆ, ಅವನಲ್ಲಿ ಅನಿರೀಕ್ಷಿತವಾದದ್ದು ಏನೂ ಇಲ್ಲ. ಅವಸರಗೇಡಿಗೆ ಸಿಟ್ಟೇ ಬೇಕಿಲ್ಲ, ಗಡಿಬಿಡಿ ಸಾಕು. ಹುಂಬನಲ್ಲಿ ಧೈರ್ಯ ಉಂಟು, ಲೆಕ್ಕ ಇಲ್ಲ. ಊಸರವಳ್ಳಿಯನ್ನು ಈ ಗುಂಪಿಗೆ ಸೇರಿಸುವವರಿದ್ದಾರೆ, ಅದು ತಪ್ಪು. ಬಣ್ಣ ಬದಲಿಸುವವನು ಲಾಭ ನೋಡಿಯೇ ಬದಲಿಸುತ್ತಾನೆ, ಅವನಷ್ಟು ಲೆಕ್ಕಾಚಾರದ ಮನುಷ್ಯ ಬೇರೆ ಇಲ್ಲ.

‘ಅನ್‌ಪ್ರಿಡಿಕ್ಟಬಲ್’ ಇನ್ನೂ ತೊಡಕಿನದು. ‘ಅನಿರೀಕ್ಷಿತ ಮಳೆ’ ಸರಿ, ‘ಅನಿರೀಕ್ಷಿತ ಮನುಷ್ಯ’ ಎಂದರೆ ಹೇಳದೆ ಕೇಳದೆ ಬಂದ ಬೀಗರಾಗುತ್ತಾರೆ. ‘ಊಹಿಸಲಾಗದ ವ್ಯಕ್ತಿ’ ಎಂದು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಇಲ್ಲಿನವರು ಇದಕ್ಕೆ ಇಡೀ ವಾಕ್ಯವನ್ನೇ ಬಳಸುತ್ತಾರೆ: ‘ಯಾವಾಗ ಏನ್ ಮಾಡ್ತಾನೋ ಹೇಳಾಕ ಬರೂದಿಲ್ರಿ.’ ಚಿಕ್ಕದು ಬೇಕಾದರೆ ‘-ಗೊಂದು’ ಕೈ ಹಿಡಿಯುತ್ತದೆ: ತಾಸಿಗೊಂದು ಮಾತು, ಗಳಿಗಿಗೊಂದು ಬುದ್ಧಿ. ‘ಅವನ ಮ್ಯಾಲ ನಂಬಿಕಿ ಇಲ್ಲ’ ಎಂದು ಬರೆದರೆ ಮಾತ್ರ ಕೆಟ್ಟಿತು. ಓದುವವರು ಅವನನ್ನು ಕಳ್ಳ ಅಂದುಕೊಳ್ಳುತ್ತಾರೆ.

ಬಹಳ ಸಲ ಗುಣವಾಚಕವೇ ಬೇಡ, ಕ್ರಿಯಾಪದ ಸಾಕು. ‘ಕೊಟ್ಟ’ ಎಂಬುದನ್ನು ‘ಕೊಟ್ಟುಬಿಟ್ಟ’ ಮಾಡಿದರೆ ಹಿಂದೆ-ಮುಂದೆ ನೋಡಲಿಲ್ಲವೆಂಬ ಸುಳಿವು ಬಂತು. ಅನುಕರಣ ಶಬ್ದಗಳಿಗೆ ಜೋಡಿ ಗೊತ್ತುಮಾಡಿದೆ: ಗಕ್ಕನೆ ನಿಲ್ಲುತ್ತಾರೆ, ಚಂಗನೆ ಜಿಗಿಯುತ್ತಾರೆ, ಸರಕ್ಕನೆ ತಿರುಗುತ್ತಾರೆ, ಥಟ್ಟನೆ ಹೊಳೆಯುತ್ತದೆ. ಗಕ್ಕನೆ ಜಿಗಿದ ಎಂದು ಬರೆದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಪದಕ್ಕೆ ನಾಲ್ಕು ಕಾಲಮ್ಮು: ಪದ, ಜೊತೆಗೆ ಬರುವ ಕ್ರಿಯಾಪದ, ಯಾರು ಯಾರಿಗೆ ಅನ್ನುತ್ತಾರೆ, ಎಷ್ಟು ಹೊತ್ತಿನದು. ಮೂರನೆಯ ಕಾಲಮ್ಮು ಖಾಲಿ ಇದ್ದ ಪದವನ್ನು ಸಂಭಾಷಣೆಗೆ ಬಳಸುವುದಿಲ್ಲ.

ಕಥೆಯಲ್ಲಿ ತಪ್ಪಿದರೆ ಒಂದು ವಾಕ್ಯ ಕೆಡುತ್ತದೆ. ಮನೋವಿಜ್ಞಾನದ ಪ್ರಶ್ನಾವಳಿಯಲ್ಲಿ ತಪ್ಪಿದರೆ ಅಂಕವೇ ಕೆಡುತ್ತದೆ. ದುಡುಕಿನ ಸ್ವಭಾವ ಅಳೆಯುವ ಬ್ಯಾರಟ್ ಮಾಪಕದ 11ನೆಯ ಆವೃತ್ತಿಯಲ್ಲಿ 30 ವಾಕ್ಯಗಳಿವೆ, ಒಂದೊಂದಕ್ಕೆ 1ರಿಂದ 4 ಅಂಕ, ಒಟ್ಟು 30ರಿಂದ 120. ಅದು ದುಡುಕನ್ನು ಮೂರು ಭಾಗ ಮಾಡುತ್ತದೆ: ಗಮನ ನಿಲ್ಲದಿರುವುದು, ವಿಚಾರಕ್ಕಿಂತ ಮೊದಲೇ ಕೈ ಹಾಕುವುದು, ಮುಂದಿನದನ್ನು ಲೆಕ್ಕ ಹಾಕದಿರುವುದು. ಮೊದಲನೆಯದಕ್ಕೆ ಚಂಚಲ, ಎರಡನೆಯದಕ್ಕೆ ದುಡುಕು ಒಗ್ಗುತ್ತವೆ. ಮೂರನೆಯದಕ್ಕೆ ಒಂದೇ ಪದ ಹುಡುಕುತ್ತ ಕೂರದೆ ‘ಹಿಂದ-ಮುಂದ ನೋಡದ’ ಎಂದು ಬಿಡಿಸಿ ಹೇಳುವುದೇ ಲೇಸು.

ಇಂಥ ಪಟ್ಟಿಗಳಲ್ಲಿ ದೊಡ್ಡ ಗುಂಡಿ ‘ಯೋಚನೆ’. ಅದಕ್ಕೆ ಆಲೋಚನೆ, ಚಿಂತೆ ಎರಡೂ ಅರ್ಥ ಉಂಟು. ಇಲ್ಲಿ ‘ಯೋಚನಿ ಮಾಡಬ್ಯಾಡ್ರಿ’ ಅಂದರೆ ಚಿಂತೆ ಬಿಡಿ ಎಂದರ್ಥ. ‘ಯೋಚನೆ ಮಾಡದೆ ಕೆಲಸ ಮಾಡುತ್ತೇನೆ’ ಎಂಬ ವಾಕ್ಯಕ್ಕೆ ನಿಶ್ಚಿಂತೆಯಿಂದ ದುಡಿಯುವ ಸಮಾಧಾನಿಯೂ ‘ಯಾವಾಗಲೂ’ ಎಂದು ಗುರುತು ಹಾಕಿ 4 ಅಂಕ ತೆಗೆದುಕೊಳ್ಳುತ್ತಾನೆ. ಇಲ್ಲಿಗೆ ‘ವಿಚಾರ ಮಾಡದ’ ಆಗಬೇಕು. ಉತ್ತರದ ಆಯ್ಕೆಯಲ್ಲಿ ‘ಆಗಾಗ’ ಹಾಕುವುದಿಲ್ಲ. ಒಬ್ಬರಿಗೆ ಅದು ಅಪರೂಪ, ಇನ್ನೊಬ್ಬರಿಗೆ ಪದೇ ಪದೇ. ‘ಅಪರೂಪಕ್ಕೆ, ಒಮ್ಮೊಮ್ಮೆ, ಭಾಳ ಸಲ, ಹೆಚ್ಚುಕಡಿಮೆ ಯಾವಾಗಲೂ’ ಎಂದರೆ ಗೊಂದಲವಿಲ್ಲ. 30ರಲ್ಲಿ 11 ವಾಕ್ಯ ಉಲ್ಟಾ ಅಂಕದವು, ಹೌದು ಎಂದಷ್ಟೂ ಅಂಕ ಇಳಿಯುತ್ತದೆ. ಅಲ್ಲಿ ಎರಡು ‘ಇಲ್ಲ’ ಒಟ್ಟಿಗೆ ಬಂದರೆ ತುಂಬುವವರು ದಾರಿ ತಪ್ಪುತ್ತಾರೆ.

ಪ್ರಶ್ನಾವಳಿಯ ಅನುವಾದ ಸರಿ ಇದೆಯೋ ಎಂದು ಪರೀಕ್ಷಿಸಲು ಇಬ್ಬರು ಬೇರೆ ಬೇರೆ ಕೂತು ಅನುವಾದಿಸಬೇಕು, ಆಮೇಲೆ ಎರಡನ್ನೂ ಕೂಡಿಸಬೇಕು, ಮೂಲ ನೋಡಿರದ ಮೂರನೆಯವರು ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಇದರಲ್ಲೂ ‘ಯೋಚನೆ’ ನುಸುಳಿ ಹೋಗಬಹುದು, ಮೂರನೆಯವರು ಓದಿಕೊಂಡವರಾದರೆ ಅವರಿಗೆ ಎರಡೂ ಅರ್ಥ ಗೊತ್ತು. ಆದ್ದರಿಂದ ಕೊನೆಗೆ ಗದಗ, ಹಾವೇರಿ ಕಡೆಯ ಏಳೆಂಟು ಮಂದಿಗೆ ವಾಕ್ಯ ಓದಿ ಹೇಳಿ ‘ಇದನ್ನ ನಿಮ್ಮ ಮಾತಿನಾಗ ಹೇಳ್ರಿ’ ಎಂದು ಕೇಳಬೇಕು. ತಿಳೀತಾ ಎಂದು ಕೇಳಿದರೆ ಮರ್ಯಾದೆಗೆ ಹೂಂ ಅನ್ನುತ್ತಾರೆ.

ತಿಕ್ಕಲು, ಅರೆಹುಚ್ಚು ಪ್ರಶ್ನಾವಳಿಗೆ ಸಲ್ಲವು. ‘ಹುಚ್ಚ ಖೋಡಿ’ ಅಜ್ಜಿ ಮೊಮ್ಮಗನಿಗೆ ಅಂದರೆ ಮುದ್ದು, ಪರಿಚಯವಿಲ್ಲದವರಿಗೆ ಅಂದರೆ ಜಗಳ. ಅದರ ಮುಂದೆ ಮೂರನೆಯ ಕಾಲಮ್ಮಿನಲ್ಲಿ ‘ಮನಿಯೊಳಗ ಮಾತ್ರ’ ಎಂದು ಬರೆದಿಟ್ಟಿದ್ದೇನೆ.