ಡಿಸ್ಕ್ ಸವೆತಕ್ಕೆ ಗ್ರೇಡ್ ಕೊಡುವುದು ಹೇಗೆ?

ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಅವು ಎಷ್ಟು ಸವೆದಿವೆ ಅಂತ ಬರಿಗಣ್ಣಲ್ಲೇ ನೋಡಿ ಹೇಳಲು ಪ್ರಯೋಗಾಲಯದವರು ಥಾಂಪ್ಸನ್ ಪದ್ಧತಿ ಬಳಸುತ್ತಾರೆ. 1990ರಲ್ಲಿ ಪ್ರಕಟವಾದ ಇದರಲ್ಲಿ ಐದು ಗ್ರೇಡ್‌ಗಳಿವೆ. ಡಿಸ್ಕನ್ನು ಸೀಳಿ ನೋಡಬೇಕಾದ್ದರಿಂದ ಮೃತದೇಹಗಳಲ್ಲಿ ಮಾತ್ರ ಇದು ಸಾಧ್ಯ.

ಮೊದಲು ಡಿಸ್ಕನ್ನು ಮೇಲಿನ, ಕೆಳಗಿನ ಮಣಿಗಳ ಸಮೇತ ನಟ್ಟನಡುವೆ, ಮುಂದಿನಿಂದ ಹಿಂದಕ್ಕೆ ಸೀಳಬೇಕು. ಸೀಳು ಪಕ್ಕಕ್ಕೆ ಸರಿದರೆ ನಡುವಿನ ತಿರುಳು ಪೂರ್ತಿ ಕಾಣುವುದಿಲ್ಲ.

ಈಗ ತಿರುಳು ನೋಡಿ. ಆರೋಗ್ಯವಾದ ಡಿಸ್ಕ್‌ನಲ್ಲಿ ಅದು ಜೆಲ್‌ನಂತೆ ಹೊರಗೆ ಉಬ್ಬಿರುತ್ತದೆ. ಅದು ಗ್ರೇಡ್ 1. ತಿರುಳಿನ ಅಂಚಿನಲ್ಲಿ ಬಿಳಿ ನಾರು ಕಂಡರೆ 2. ತಿರುಳೆಲ್ಲ ನಾರಾಗಿ ಗಟ್ಟಿಯಾಗಿದ್ದರೆ 3. ಅಡ್ಡಡ್ಡ ಬಿರುಕು ಬಿಟ್ಟಿದ್ದರೆ 4. ಆ ಬಿರುಕು ಹೊರಗಿನ ಉಂಗುರವನ್ನೂ ಸೀಳಿಕೊಂಡು ಹೋಗಿದ್ದರೆ 5.

ಆಮೇಲೆ ಉಂಗುರ. ಈರುಳ್ಳಿಯ ಹಾಗೆ ಪದರ ಪದರವಾಗಿ, ಬಿಡಿಬಿಡಿಯಾಗಿ ಕಂಡರೆ ಒಳ್ಳೆಯದು. ಪದರಗಳ ನಡುವೆ ಲೋಳೆ ಸೇರಿಕೊಂಡರೆ ಸವೆತ ಶುರುವಾಗಿದೆ ಅಂತ ಅರ್ಥ. ತಿರುಳು ಎಲ್ಲಿ ಮುಗಿಯಿತು, ಉಂಗುರ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗದಿದ್ದರೆ ಗ್ರೇಡ್ 3. ನನ್ನ ಪ್ರಕಾರ 2 ಮತ್ತು 3ನ್ನು ಬೇರೆ ಮಾಡಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ಮಣಿಗೂ ಡಿಸ್ಕ್‌ಗೂ ನಡುವಿನ ಎಂಡ್‌ಪ್ಲೇಟನ್ನು ಬಿಡಬೇಡಿ. ದೊಡ್ಡವರ ಡಿಸ್ಕ್‌ನ ಒಳಗೆ ರಕ್ತನಾಳಗಳಿಲ್ಲ. ತಿರುಳಿಗೆ ಪೋಷಣೆ ಮುಖ್ಯವಾಗಿ ಈ ತೆಳು ಮೃದ್ವಸ್ಥಿಯ ಮೂಲಕವೇ ಇಳಿಯಬೇಕು. ಅದರ ದಪ್ಪ ಒಂದೇ ಸಮ ಇದೆಯಾ, ಅಲ್ಲಲ್ಲಿ ಹಾಳಾಗಿದೆಯಾ ನೋಡಿ.

ಕೊನೆಗೆ ಮಣಿಯ ಅಂಚು. ದುಂಡಗಿದ್ದರೆ 1, ಚೂಪಾಗಿದ್ದರೆ 2. ಆಮೇಲೆ ಮೂಳೆಮುಳ್ಳು ಬೆಳೆಯುತ್ತದೆ. ಅದು 2 ಮಿಲಿಮೀಟರ್ ದಾಟಿದರೆ 5.

ಬಣ್ಣ ನೋಡಿ ಗ್ರೇಡ್ ಕೊಡಬೇಡಿ. ವಯಸ್ಸಾದಂತೆ ಡಿಸ್ಕ್ ಹಳದಿ, ಕಂದು ಆಗುತ್ತದೆ, ಆದರೆ ಈ ಪದ್ಧತಿಯ ಲೆಕ್ಕದಲ್ಲಿ ಬಣ್ಣವಿಲ್ಲ. ಇಬ್ಬರು ಬೇರೆ ಬೇರೆ ಕೂತು ಗ್ರೇಡ್ ಕೊಟ್ಟು, ಆಮೇಲೆ ತಾಳೆ ನೋಡುವುದು ಒಳ್ಳೆಯದು.

ಬದುಕಿರುವವರಿಗೆ ಎಂಆರ್‌ಐ ಇದೆಯಲ್ವಾ, ಅದಕ್ಕೆ 2001ರ ಫಿರ್‌ಮನ್ ಪದ್ಧತಿ. ಅದರಲ್ಲೂ ಐದು ಗ್ರೇಡ್. ಟಿ2 ಅನ್ನುವ, ನೀರಿನಂಶ ಬೆಳ್ಳಗೆ ಕಾಣುವ ಎಂಆರ್‌ಐ ಚಿತ್ರದಲ್ಲಿ ತಿರುಳು ಬೆಳ್ಳಗೆ ಹೊಳೆದರೆ 1, ಕಪ್ಪಾಗಿ ಡಿಸ್ಕ್ ಕುಸಿದಿದ್ದರೆ 5. ರಿಪೋರ್ಟ್‌ನಲ್ಲಿ 4 ಅಂತ ನೋಡಿದ ಕೂಡಲೇ ದಯವಿಟ್ಟು ಗಾಬರಿಯಾಗಬೇಡಿ. ಬೆನ್ನುನೋವೇ ಇಲ್ಲದ 50 ವರ್ಷದವರಲ್ಲೂ ಸುಮಾರು ಶೇ 80 ಜನರ ಸ್ಕ್ಯಾನ್‌ನಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ನೋವು ಕಾಲಿಗೆ ಇಳಿಯುತ್ತದೆಯಾ, ಜೋಮು ಹಿಡಿಯುತ್ತದೆಯಾ, ಪಾದ ಎತ್ತಲು ಕಷ್ಟವಾ ಅನ್ನುವುದನ್ನು ರಿಪೋರ್ಟ್ ಜೊತೆಗೇ ವೈದ್ಯರಿಗೆ ಹೇಳಿ.