ಹಗ್ಗ ಕೊಳ್ಳುವ ಮುಂಚೆ ಒಂದು ಬಕೆಟ್ ನೀರು

ಯಾದಗಿರಿ ಪೇಟೆಯಲ್ಲಿ ಯಾವ ಪ್ಲಾಸ್ಟಿಕ್ ಹಗ್ಗ ಮುಟ್ಟಿ ಕೇಳಿದರೂ ‘ನೈಲಾನ್ ಅದ ರೀ’ ಅಂತಾರೆ. ನಾನೂ ನಂಬಿ, ಬಾವಿಯ ಮೋಟರನ್ನು ಅದರಲ್ಲೇ ಇಳಿಬಿಟ್ಟಿದ್ದೆ. ಎರಡು ಬೇಸಿಗೆ ಕಳೆಯಿತು, ಹಗ್ಗ ಹರಿದು ಮೋಟರ್ ತಳ ಸೇರಿತು. ಮೇಲೆತ್ತಿ ನೋಡಿದರೆ ನೀರೊಳಗಿದ್ದ ಭಾಗ ಇನ್ನೂ ಗಟ್ಟಿ. ಬಿಸಿಲಿಗೆ ಬಿದ್ದಿದ್ದ ಎರಡು ಮೊಳ ಮಾತ್ರ ಉಜ್ಜಿದರೆ ಪುಡಿ ಉದುರುತ್ತಿತ್ತು. ಅದು ನೈಲಾನ್ ಅಲ್ಲ, ಪಾಲಿಪ್ರೊಪಿಲೀನ್. ಅಗ್ಗ, ಹಗುರ, ಆದರೆ ನಮ್ಮ ಬಿಸಿಲು ತಡೆಯದು.

ಗುರುತು ಹಿಡಿಯುವುದು ಸುಲಭ. ಗೇಣುದ್ದ ತುಂಡಿನ ಎಳೆ ಬಿಡಿಸಿ, ಸೋಪಿನ ನೀರಲ್ಲಿ ಚೆನ್ನಾಗಿ ಹಿಂಡಿ. ಒಳಗಿನ ಗಾಳಿ ಹೋಗಬೇಕು, ಇಲ್ಲದಿದ್ದರೆ ಸುಳ್ಳು ತೇಲುತ್ತದೆ. ಆಮೇಲೆ ಬಕೆಟ್‌ ನೀರಿಗೆ ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಎಥಿಲೀನ್. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಇವೆರಡರಲ್ಲಿ ಎಳೆದಾಗ ಜಾಸ್ತಿ ಹಿಗ್ಗುವುದು ನೈಲಾನ್.

ಆ ಹಿಗ್ಗುವ ಗುಣವೇ ಎರೆ ಹೊಲದಲ್ಲಿ ಹೂತ ಟ್ರ್ಯಾಕ್ಟರ್ ಎಳೆಯಲು ಬೇಕು, ಜಗ್ಗಿದ ಹೊಡೆತ ನುಂಗುತ್ತದೆ. ಅಪಾಯವೂ ಅಲ್ಲೇ ಇದೆ. ಹರಿದರೆ ಚಾಟಿಯಂತೆ ಹಿಂದಕ್ಕೆ ಬರುತ್ತದೆ. ಎಳೆಯುವಾಗ ಹಗ್ಗದ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ, ಮಕ್ಕಳನ್ನಂತೂ ಬದುವಿನಾಚೆ ಕಳಿಸಿ. ನೈಲಾನ್ ನೀರು ಕುಡಿಯುತ್ತದೆ, ನೆನೆದರೆ ನೂರರಲ್ಲಿ 10–15 ಪಾಲು ಬಲ ಕಳೆದುಕೊಳ್ಳುತ್ತದೆ.

ಹಾಗಾಗಿ ಈಗ ಮೋಟರಿಗೆ ನನ್ನ ಆಯ್ಕೆ ಪಾಲಿಯೆಸ್ಟರ್. ನೆನೆದರೂ ಬಲ ಇಳಿಯದು, ಹಿಗ್ಗು ಕಡಿಮೆ, ಬಿಸಿಲಿಗೆ ಇವೆಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ತೊಗರಿ ಚೀಲದ ಲೋಡು ಬಿಗಿಯಲೂ ಇದೇ ಸರಿ. ರಾತ್ರಿ ಬಿಗಿದದ್ದು ಬೆಳಿಗ್ಗೆ ಸಡಿಲ ಆಗಿರುವುದಿಲ್ಲ. ಬೆಲೆ ಜಾಸ್ತಿ, ನಿಜ. ಬಾವಿಗಿಳಿದು ಮೋಟರ್ ಹುಡುಕುವ ಕೂಲಿ ಲೆಕ್ಕ ಹಾಕಿದರೆ ಅಗ್ಗವೇ.

ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧಕ್ಕೂ ಇಳಿಯಬಹುದು. ಅದಕ್ಕೇ ಸುರುಳಿಯ ಚೀಟಿಯಲ್ಲಿ 1000 ಕೆಜಿಗೆ ಹರಿಯುತ್ತದೆ ಅಂತಿದ್ದರೆ ನಾನು 100 ಕೆಜಿ ಮಾತ್ರ ತೂಗುಹಾಕುತ್ತೇನೆ.

ತುದಿ ಬಿಚ್ಚದಂತೆ ಬೆಂಕಿ ತಾಗಿಸಿ ಕರಗಿಸಿ, ಆದರೆ ಬೆರಳಿಂದ ಒತ್ತಬೇಡಿ. ಕರಗಿದ್ದು ಚರ್ಮಕ್ಕೆ ಅಂಟಿ ಸುಡುತ್ತದೆ.

ಎತ್ತಿನ ಕೊರಳಿಗೆ ಮಾತ್ರ ಇವು ಯಾವುವೂ ಬೇಡ. ತಿಕ್ಕಿ ತಿಕ್ಕಿ ಹುಣ್ಣಾಗುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಇಂದಿಗೂ ಹತ್ತಿ ಹಗ್ಗವೇ.