ಹೆಡ್ ಇಳಿಸದೇ ಹೊರಬಂದ ನಡುವಿನ ಪ್ಲಗ್

ನನ್ನ ಕಾರಿನ ಎರಡನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಹೆಡ್ ಇಳಿಸದೇ, ಅಂದರೆ ಇಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚದೇ, ಬರಲ್ಲ ಅಂತ ವರ್ಕ್‌ಶಾಪಿನವರು ಹೇಳಿದ್ದರು. ತುಮಕೂರಿನಲ್ಲಿ ನಮ್ಮ ಬೀದಿಯ ಹಳೇ ಮೇಸ್ತ್ರಿಯೂ ಅದನ್ನೇ ಹೇಳಿದರು. ನನ್ನ ಭಾವಮೈದನೂ ಹೇಳಿದ, ಅವನಿಗೆ ಸ್ಟೆಪ್ನಿ ಬದಲಾಯಿಸೋಕೂ ಬರಲ್ಲ. ಆದರೂ ಬಂತು. ಥ್ರೆಡ್ ಹಾಳಾಗದೇ, ಹೆಡ್ ಬೋಲ್ಟ್ ಒಂದನ್ನೂ ಮುಟ್ಟದೇ ಬಂತು. ಆಮೇಲೆ ಗಾಡಿ ಹತ್ತಿರ ಹತ್ತಿರ ಹದಿನೈದು ಸಾವಿರ ಕಿ.ಮೀ. ಓಡಿದೆ, ಇನ್ನು ಬರೆಯೋಕೆ ಅಡ್ಡಿಯಿಲ್ಲ.

ಗಾಡಿ ಮೂರು ಸಿಲಿಂಡರಿನ ಒಂದು ಲೀಟರ್ ಇಂಜಿನ್ನು, ಸಿಎನ್‌ಜಿ ಕಂಪನಿಯಿಂದಲೇ ಬಂದದ್ದು. ಸೆಕೆಂಡ್ ಹ್ಯಾಂಡ್ ತಗೊಂಡಾಗ 90 ಸಾವಿರ ದಾಟಿತ್ತು. ಹಿಂದಿನ ಓನರ್ ಆಯಿಲ್, ಫಿಲ್ಟರ್ ಎಲ್ಲ ಟೈಮಿಗೆ ಸರಿಯಾಗಿ ಮಾಡಿಸಿದ್ದರು, ಬಿಲ್ಲುಗಳನ್ನೂ ಕೊಟ್ಟರು. ಆ ಕಟ್ಟಿನಲ್ಲಿ ಪ್ಲಗ್ ಅನ್ನೋ ಪದವೇ ಇರಲಿಲ್ಲ. ಸಾದಾ ನಿಕಲ್ ಪ್ಲಗ್ ಅಂದರೆ ಸುಮಾರು 40 ಸಾವಿರಕ್ಕೆ ಆಯಸ್ಸು ಮುಗೀತು, ಸಿಎನ್‌ಜಿಯಲ್ಲಿ ಅದಕ್ಕೂ ಮುಂಚೆ.

ದೇವರಾಯನದುರ್ಗ ಹತ್ತುವಾಗ ಮೂರನೇ ಗೇರಿನಲ್ಲಿ ಜರ್ಕ್ ಶುರುವಾಯ್ತು. ಪೆಟ್ರೋಲ್‌ಗೆ ಹಾಕಿದರೆ ಮಾಯ. ಬಹಳ ಜನ ದಾರಿ ತಪ್ಪೋದು ಇಲ್ಲೇ. ಪೆಟ್ರೋಲಲ್ಲಿ ಚೆನ್ನಾಗಿ ಓಡುತ್ತೆ, ಹಾಗಾದರೆ ಕಂಪ್ಲೇಂಟು ಗ್ಯಾಸ್ ಕಿಟ್ಟಿನದೇ ಅಂತ ಅಂದ್ಕೊಳ್ತಾರೆ. ನನಗೂ ಹಾಗೇ ಹೇಳಿ ಗ್ಯಾಸ್ ಫಿಲ್ಟರ್ ಬದಲಾಯಿಸಿ, ಗ್ಯಾಸ್ ಇಂಜೆಕ್ಟರ್ ಕ್ಲೀನ್ ಮಾಡಿ ಮೂರು ಸಾವಿರದ ಮೇಲೆ ಬಿಲ್ ಮಾಡಿದರು. ಮಾರನೇ ದಿನ ಅದೇ ಏರು, ಅದೇ ಜರ್ಕ್. ಸಿಎನ್‌ಜಿಗೆ ಕಿಡಿ ಹತ್ತಿಸೋಕೆ ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ತುದಿಯಲ್ಲಿ ಕಿಡಿ ಹಾರೋ ಸಂದು, ಅಂದರೆ ಗ್ಯಾಪ್, ಸವೆದು ಅಗಲವಾದ ಪ್ಲಗ್ ಮೊದಲು ಕೈಕೊಡೋದು ಸಿಎನ್‌ಜಿಯಲ್ಲಿ, ಅದರಲ್ಲೂ ಲೋಡ್ ಬಿದ್ದಾಗ. ಆಗಲೂ ಬದಲಾಯಿಸದೇ ಓಡಿಸಿದರೆ ಪ್ಲಗ್ಗಿಗೆ ವೋಲ್ಟೇಜ್ ಕೊಡೋ ಕಾಯಿಲೂ ಸುಡಬಹುದು. ಒಂದು ಕಾಯಿಲ್ ದುಡ್ಡಲ್ಲಿ ಮೂರು ನಾಲ್ಕು ಸೆಟ್ ನಿಕಲ್ ಪ್ಲಗ್ ಬರುತ್ತೆ.

ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಪಿ0302 ಅನ್ನೋ ಕೋಡ್, ಅಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಎರಡನೇ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಅದಲುಬದಲು ಮಾಡಿದೆ. ಕೋಡ್ ಜಾಗ ಬಿಟ್ಟು ಕದಲಲಿಲ್ಲ, ಅಂದರೆ ಕಾಯಿಲ್ ಸರಿಯಿದೆ. ಎರಡನೇ ಕಾಯಿಲಿನ ರಬ್ಬರ್ ಬೂಟ್ ಮಾತ್ರ ಮೇಲ್ಗಡೆ ಹರಿದಿತ್ತು. ವಾಟರ್ ವಾಶಿನವರು ಬಾನೆಟ್ ಎತ್ತಿ ಪ್ರೆಶರ್ ಗನ್ ಹಿಡಿದಾಗೆಲ್ಲ ನೀರು ಅಲ್ಲಿಂದಲೇ ಒಳಗೆ ಇಳಿದಿದೆ. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂರೋ ಗುಂಡಿಯ ತಳದಲ್ಲಿ, ಪಾನಾ ಹಿಡಿಯೋ ಹೆಕ್ಸ್ ಭಾಗದ ಸುತ್ತ ಕೆಂಪು ತುಕ್ಕಿನ ಬಳೆ.

ಒಂದು, ಮೂರು ಸಲೀಸಾಗಿ ಬಂದವು. ಹೊಸದರಲ್ಲಿ 1.0 ಮಿ.ಮೀ. ಇರಬೇಕಾದ ಗ್ಯಾಪ್ 1.3 ದಾಟಿತ್ತು, ನಡುವಿನ ಎಲೆಕ್ಟ್ರೋಡಿನ ಅಂಚೆಲ್ಲ ಉರುಟಾಗಿತ್ತು. ಬಣ್ಣ ನೋಡಿದರೆ ಇಟ್ಟಿಗೆ ಕಂದು, ಬಹಳ ಚೆನ್ನಾಗಿತ್ತು. ಬಣ್ಣ ನೋಡಿ "ಪ್ಲಗ್ ಚೆನ್ನಾಗಿದೆ" ಅನ್ನೋ ಕಾಲ ಕಾರ್ಬ್ಯುರೇಟರ್ ಜೊತೆಗೇ ಹೋಯ್ತು. ಈಗ ಗ್ಯಾಪ್ ನೋಡಬೇಕು, ಅಂಚು ನೋಡಬೇಕು.

ಎರಡನೇದು ಮಾತ್ರ ಅಲುಗಲಿಲ್ಲ.

ಹೆಡ್ ಇಳಿಸೋಕೆ ಕೇಳಿದ ರೇಟು ಹದಿನೈದು ಸಾವಿರದ ಆಸುಪಾಸು. ಗ್ಯಾಸ್ಕೆಟ್, ಕೂಲೆಂಟ್, ಲೇಬರ್ ಎಲ್ಲ ಸೇರಿ. ಅದರ ಮೇಲೆ "ಥ್ರೆಡ್ ಹೋದರೆ ಬೇರೆ ಚಾರ್ಜು ಸಾರ್". ಮೇಸ್ತ್ರಿ ಇನ್ನೊಂದು ದಾರಿ ಹೇಳಿದರು. ಇಂಜಿನ್ ಕಾದಿರುವಾಗಲೇ ಹ್ಯಾಂಡಲ್‌ಗೆ ಪೈಪ್ ಸಿಗಿಸಿ ಒಂದೇ ಏಟಿಗೆ ಎಳೆಯೋದು. "ಬಂದ್ರೆ ಬಂತು ಕಣಪ್ಪ, ಮುರಿದ್ರೆ ಹೆಂಗಿದ್ರೂ ಹೆಡ್ ಇಳಿಸೋದೇ ಅಲ್ವಾ" ಅಂದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಹಾಗೆ ಎಳೆದಾಗ ಹೆಕ್ಸ್ ಕೈಗೆ ಬಂದು ಥ್ರೆಡ್ ಭಾಗ ಹೆಡ್ಡಿನಲ್ಲೇ ಉಳಿದ ಇಂಜಿನ್ನುಗಳನ್ನು ಅವರ ಶೆಡ್ಡಿನಲ್ಲೇ ನೋಡಿದ್ದೀನಿ. "ನೋಡೋಣ ಅಣ್ಣ" ಅಂತ ಹೇಳಿ ಗಾಡಿ ಮನೆಗೆ ತಂದೆ.

ಮೊದಲು ಗಾಳಿ. ಕಂಪ್ರೆಸರಿಗೆ ಸಣ್ಣ ನಳಿಗೆ ಹಾಕಿ ಗುಂಡಿಯಲ್ಲಿದ್ದ ತುಕ್ಕಿನ ಚಕ್ಕೆ, ಮಣ್ಣು ಎಲ್ಲ ಊದಿದೆ. ಈ ಕೆಲಸ ಬಿಟ್ಟರೆ ಪ್ಲಗ್ ಎದ್ದ ಕೂಡಲೇ ಅಷ್ಟೂ ಕಸ ಪಿಸ್ಟನ್ ಮೇಲೆ ಬೀಳುತ್ತೆ. ಆಮೇಲೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಏನೂ ಆಗಲಿಲ್ಲ. ಇನ್ನೊಂದು ರಾತ್ರಿ ಬಿಟ್ಟೆ, ಆಗಲೂ ಇಲ್ಲ. ತಣ್ಣಗಿದ್ದಾಗ ರ‍್ಯಾಚೆಟ್ ಕಲ್ಲಿಗೆ ಸಿಕ್ಕಿಸಿದ ಹಾಗೆ ನಿಲ್ಲುತ್ತಿತ್ತು. ಇಂಜಿನ್ ಪೂರಾ ಕಾದಾಗ ಕಿರ್ ಅನ್ನೋ ಸದ್ದು ಬಂತು, ಅಲ್ಲಿಗೇ ನಿಲ್ಲಿಸಿದೆ. ಹೆಡ್ಡಿನ ಬಿಸಿ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರೋದು ಆ ಸದ್ದಿನ ಜೊತೆಗೇ. ಯಾರೋ ಹೇಳಿದರು ಅಂತ ಕೋಲಾ ಕೂಡ ಹಾಕಿ ನೋಡಿದೆ. ಇರುವೆ ಬಂದವು, ಅಷ್ಟೇ.

ಕೆಲಸ ಆದದ್ದು ಉಗುರುಬೆಚ್ಚಗಿನ ಇಂಜಿನ್ನಿನಲ್ಲಿ. ಹೆಡ್ಡಿನ ಅಲ್ಯುಮಿನಿಯಂ ಬಿಸಿಗೆ ಹಿಗ್ಗೋದು ಪ್ಲಗ್ಗಿನ ಉಕ್ಕಿನ ಸುಮಾರು ಎರಡರಷ್ಟು, ಹಾಗಾಗಿ ಸ್ವಲ್ಪ ಬೆಚ್ಚಗಾದರೂ ಹಿಡಿತ ಸಡಿಲ ಆಗುತ್ತೆ, ಥ್ರೆಡ್ ಇನ್ನೂ ಗಟ್ಟಿಯಾಗಿರುತ್ತೆ. ಸೈಕಲ್ ಸ್ಪೋಕಿಗೆ ಹಳೇ ಬನಿಯನ್ ಬಟ್ಟೆ ಸುತ್ತಿ ಗುಂಡಿಯ ಎಣ್ಣೆ ಒರೆಸಿದೆ, ಇಲ್ಲದಿದ್ದರೆ ಕಾಯಿಲ್ ಬೂಟ್ ಹಾಳಾಗುತ್ತೆ. ಎಲ್ಲ ಕೂರಿಸಿ ಪೆಟ್ರೋಲಲ್ಲಿ ಒಂದೆರಡು ನಿಮಿಷ ಓಡಿಸಿದೆ. ಟ್ಯಾಪೆಟ್ ಕವರ್ ಮೇಲೆ ಅಂಗೈ ಇಟ್ಟರೆ ಆರಾಮಾಗಿ ಇಡಬಹುದು, ಆ ಹದ. ಮತ್ತೆ ಕಾಯಿಲ್ ತೆಗೆದು ಎಣ್ಣೆ ಬಿಟ್ಟೆ. ಈ ಎಣ್ಣೆ ಅಂಗಡಿಯ ಸ್ಪ್ರೇ ಅಲ್ಲ, ನಾನೇ ಕಲಸಿದ್ದು. ಏನೇನು ಎಷ್ಟೆಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ, ಈಗ ಅದರಿಂದ ಒಂದಿಷ್ಟು ಕಾಸೂ ಬರ್ತಿದೆ.

ಆಮೇಲೆ ಬಿಚ್ಚೋಕೆ ಹೋಗಲಿಲ್ಲ, ಮೊದಲು ಬಿಗಿ ಮಾಡಿದೆ. ಕೂದಲೆಳೆಯಷ್ಟು. ಟಿಕ್ ಅಂತ ಒಂದು ಸಣ್ಣ ಸದ್ದು ಬಂತು, ತುಕ್ಕಿನ ಹಿಡಿತ ಬಿಟ್ಟದ್ದು ಆಗಲೇ. ಆಮೇಲೆ ಎಡಕ್ಕೆ, ಕಾಲು ಸುತ್ತಿಗೂ ಕಮ್ಮಿ. ಬಿಗಿಯಾದ ಕೂಡಲೇ ವಾಪಸ್ ಬಲಕ್ಕೆ, ಎರಡು ಹನಿ ಎಣ್ಣೆ, ಹತ್ತು ನಿಮಿಷ ಬಿಡೋದು, ಮತ್ತೆ ಎಡಕ್ಕೆ. ಪ್ರತಿ ಸಲ ಒಂದು ಬೆರಳಿನಷ್ಟು ಮುಂದೆ ಹೋಗುತ್ತಿತ್ತು. ತಣ್ಣಗಾದರೆ ಮತ್ತೆ ಬೆಚ್ಚಗೆ ಮಾಡ್ತಿದ್ದೆ, ಅದೂ ಅರ್ಧ ಸುತ್ತು ಬಿಡೋವರೆಗೆ ಮಾತ್ರ. ಅದಾದ ಮೇಲೆ ಸ್ಟಾರ್ಟ್ ಮಾಡಬಾರದು, ಸಡಿಲವಾದ ಪ್ಲಗ್ ಇಟ್ಟುಕೊಂಡು ಇಂಜಿನ್ ಓಡಿಸೋ ಹಾಗಿಲ್ಲ. ಸಂಜೆ ಕೂತವನು ಪ್ಲಗ್ ಕೈಗೆ ಬರುವ ಹೊತ್ತಿಗೆ ಬೀದಿಯಲ್ಲಿ ಲೈಟೆಲ್ಲ ಆರಿತ್ತು. ತುದಿಯ ನಾಲ್ಕೈದು ಸುತ್ತು ಥ್ರೆಡ್ಡಿನಲ್ಲಿ ಕಾರ್ಬನ್ ಕಪ್ಪಗೆ ಮೆತ್ತಿಕೊಂಡಿತ್ತು. ಮೇಲೆ ತುಕ್ಕು, ಕೆಳಗೆ ಕಾರ್ಬನ್.

ಥ್ರೆಡ್ ಕ್ಲೀನ್ ಮಾಡೋಕೆ ಲೋಹ ಕತ್ತರಿಸೋ ಟ್ಯಾಪ್ ಬೇಡ, ಇರುವ ಥ್ರೆಡ್ಡಿನ ಕಸ ಮಾತ್ರ ಬಿಡಿಸೋ ಚೇಸರ್ ಸಾಕು. ಅದರ ಸಂದುಗಳಿಗೆ ಗ್ರೀಸ್ ತುಂಬಿದರೆ ಕಸ ಅದಕ್ಕೇ ಅಂಟಿ ಮೇಲೆ ಬರುತ್ತೆ. ಆಮೇಲೆ ಸಿಎನ್‌ಜಿ ಸಿಲಿಂಡರಿನ ವಾಲ್ವ್ ಮುಚ್ಚಿ, ಪೆಟ್ರೋಲ್ ಪಂಪ್ ಮತ್ತು ಇಂಜೆಕ್ಟರ್ ಫ್ಯೂಸ್ ಕಿತ್ತು, ಮೂರೂ ಪ್ಲಗ್ ಇಲ್ಲದೇ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆದರೆ ಉಳಿದ ಪುಡಿಯೂ ಹೊರಗೆ. ಕಾಯಿಲುಗಳ ವೈರಿನ ಕನೆಕ್ಟರನ್ನೂ ಕಿತ್ತಿಟ್ಟಿರಬೇಕು. ಗುಂಡಿಯ ಮೇಲೆ ಮುಖ ಇಡಬೇಡಿ.

ಹೊಸ ಪ್ಲಗ್ ಕೂರಿಸೋಕೆ ಗೇಣುದ್ದ ಪೆಟ್ರೋಲ್ ಪೈಪ್ ತುಂಡು ಬಳಸ್ತೀನಿ. ಪ್ಲಗ್ಗಿನ ತಲೆಗೆ ಸಿಗಿಸಿ ತಿರುಗಿಸಿದರೆ, ಥ್ರೆಡ್ ಅಡ್ಡ ಬಿದ್ದ ಕೂಡಲೇ ಪೈಪ್ ಜಾರುತ್ತೆ, ಹೆಡ್ ಉಳಿಯುತ್ತೆ. ಕೊನೆಗೆ ಬಿಗಿ ಎಷ್ಟು ಅಂತ ತೋರಿಸೋ ಟಾರ್ಕ್ ರೆಂಚ್. ವಾಶರಿನಂಥ ಗ್ಯಾಸ್ಕೆಟ್ ಇರುವ ಪ್ಲಗ್ ಆದರೆ 14 ಮಿ.ಮೀ. ಥ್ರೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್ಡಿಗೆ 15ರಿಂದ 20. ಥ್ರೆಡ್ ಕಚ್ಚಿಕೊಳ್ಳದ ಹಾಗೆ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಬೇಕಾ ಅಂತ ಕೇಳೋರಿಗೆ: ಹಚ್ಚಬೇಡಿ. ಎನ್‌ಜಿಕೆಯವರೇ ತಮ್ಮ ಪ್ಲಗ್ಗಿಗೆ ಬೇಡ ಅಂತಾರೆ. ಥ್ರೆಡ್ಡಿಗೆ ಲೇಪ ಆಗಲೇ ಇರುತ್ತೆ, ಪೇಸ್ಟ್ ಹಚ್ಚಿದರೆ ಜಾರಿ ಟಾರ್ಕ್ ರೆಂಚ್ ಹೇಳೋದಕ್ಕಿಂತ ಜಾಸ್ತಿ ಬಿಗಿಯಾಗುತ್ತೆ.

ಒಟ್ಟು ಖರ್ಚು: ಮೂರು ನಿಕಲ್ ಪ್ಲಗ್ ಐನೂರರ ಹತ್ತಿರ, ಚೇಸರ್ ಮುನ್ನೂರು ಚಿಲ್ಲರೆ, ಕಾಯಿಲ್ ಬೂಟ್ ಒಂದು, ಸ್ಪ್ರೇ ಡಬ್ಬಿ. ಎಲ್ಲ ಸೇರಿ ಒಂದೂವರೆ ಸಾವಿರ ಮುಟ್ಟಲಿಲ್ಲ. ಟಾರ್ಕ್ ರೆಂಚ್ ಮೊದಲೇ ಇತ್ತು. ಬಂದ ಪ್ಲಗ್ಗನ್ನು ಒರೆಸದೇ ಹಾಗೇ ತಗೊಂಡು ಹೋಗಿ ಮೇಸ್ತ್ರಿ ಮೇಜಿನ ಮೇಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ "ಯಾವ ಎಣ್ಣೆನೋ ಅದು?" ಅಂತ ಕೇಳಿದರು. ಅವರಿಗೂ ಹೇಳಲಿಲ್ಲ. ಒಂದು ಬಾಟ್ಲಿ ಕೊಟ್ಟೆ.

ಆಮೇಲೆ ಗ್ಯಾಪಿನ ಜೊತೆ ಸ್ವಲ್ಪ ಆಟ ಆಡಿದೆ. ನಿಕಲ್ ಪ್ಲಗ್ಗನ್ನೇ 0.8ಕ್ಕೆ ಇಳಿಸಿದರೆ ಸಿಎನ್‌ಜಿಯಲ್ಲಿ ಏರು ಬೆಣ್ಣೆ, ಆದರೆ ಪೆಟ್ರೋಲಲ್ಲಿ ಐಡ್ಲಿಂಗ್ ಸ್ವಲ್ಪ ಒರಟು. 0.9 ಎರಡಕ್ಕೂ ಹೊಂದಿತು. ಮೈಲೇಜ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಂಡಿತು ಅನ್ನೋರನ್ನು ನಾನು ನಂಬಲ್ಲ. ಆನ್‌ಲೈನಲ್ಲಿ ಅರ್ಧ ರೇಟಿಗೆ ಸಿಕ್ಕ ಇರಿಡಿಯಂ ತುದಿಯ ಪ್ಲಗ್ ಒಂದು ಸೆಟ್ಟೂ ತರಿಸಿದೆ. ಲೆನ್ಸ್ ಹಿಡಿದರೆ ತುದಿಯ ವೆಲ್ಡಿಂಗ್ ಸೊಟ್ಟ, ಡಬ್ಬಿಯ ಅಕ್ಷರ ಮಸುಕು. ಇಂಜಿನ್ನಿಗೆ ಹಾಕಲೇ ಇಲ್ಲ, ಟೂಲ್ ಬಾಕ್ಸಲ್ಲಿ ಬಿದ್ದಿದೆ. ಅಸಲಿ ಇರಿಡಿಯಂ ಬಾಳಿಕೆ ಬರುತ್ತೆ, ನಿಜ. ಆದರೆ ನಾನು ಹೇಗೂ 20 ಸಾವಿರಕ್ಕೊಮ್ಮೆ ಬಿಚ್ಚಿ ನೋಡೋನು, ಆ ದುಡ್ಡಲ್ಲಿ ನಿಕಲ್ ನಾಲ್ಕು ಸಲ ಹಾಕಬಹುದು. ವರ್ಷಕ್ಕೊಮ್ಮೆಯೂ ಬಾನೆಟ್ ತೆಗೆಯದವರು ಇರಿಡಿಯಮ್ಮೇ ಹಾಕಿಸಿಕೊಳ್ಳಲಿ, ಅಂಗಡಿ ಬಿಲ್ ಸಮೇತ. ಅದರ ಗ್ಯಾಪ್ ಮಾತ್ರ ನಾಣ್ಯದಂಥ ಗೇಜ್ ತುರುಕಿ ಅಳೆಯೋಕೆ ಹೋಗಬೇಡಿ, ಸೂಜಿಯಂಥ ತುದಿ ಪಟ್ ಅಂತ ಮುರಿಯುತ್ತೆ.

ಈಗ ವಾಟರ್ ವಾಶಿಗೆ ಬಿಟ್ಟಾಗ ಬಾನೆಟ್ ತೆಗೆಯೋಕೆ ಬಿಡಲ್ಲ. ಹುಡುಗರು "ಇಂಜಿನ್ ಫ್ರೀ ಸಾರ್" ಅಂತಾರೆ. ಬೇಡಪ್ಪ ಅಂತೀನಿ.